ತನಗೆ ತಾನೇ ಹೇಳಿಕೊಳ್ಳುವ ಸುಳ್ಳು

ಹೋದ ಬೇಸಿಗೆ ರಜೆಯ ಒಂದು ಭಾನುವಾರ, ಎರಡನೆಯ ಬಲಿಪೂಜೆ ಮುಗಿದು ಜನರೆಲ್ಲ ಚದುರುತ್ತಿದ್ದಾಗ, ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ಗುರುನಿವಾಸದ ಜಗಲಿಗೆ ಬಂದರು. ಮಗಳು ಪದವಿಯ ಎರಡನೆಯ ವರ್ಷ ಮುಗಿಸಿದವಳು. “ಸ್ವಾಮಿ, ಇವಳಿಗೆ ನೀವಾದರೂ ಸ್ವಲ್ಪ ಬುದ್ಧಿ ಹೇಳಿ. ಪರೀಕ್ಷೆ ಮುಗಿದಂದಿನಿಂದ ಮನೆಯಲ್ಲಿ ಒಂದು ಕಡ್ಡಿ ಎತ್ತಿ ಅತ್ತ ಇಡುತ್ತಿಲ್ಲ. ಬರೀ ಪ್ರೇಮದ ಕಾದಂಬರಿಗಳು. ನಾಳೆ ಮದುವೆಯ ಮಾತು ಬಂದಾಗ ಇವಳ ತಲೆಯಲ್ಲಿ ಏನು ತುಂಬಿರುತ್ತದೋ” ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಕೈಯಲ್ಲಿ ಒಂದು ಪುಸ್ತಕವಿತ್ತು. ನಾನು ಕೈ ಚಾಚಿದೆ, ಕೊಟ್ಟಳು. “ಓದಿ ನೋಡಿ ಹೇಳುತ್ತೇನಮ್ಮಾ” ಎಂದೆ. ಪ್ರಿಯ ಓದುಗರೇ, ನಿಜ ಹೇಳುವುದಾದರೆ ಅದನ್ನು ಓದುವ ಉದ್ದೇಶ ನನಗಿರಲಿಲ್ಲ. ಬಿಸಿಲೇರುತ್ತಿತ್ತು, ಮಾತು ಬೇಗ ಮುಗಿಯಲೆಂದು ಹಾಗೆ ಹೇಳಿದ್ದೆ. ಸುಳ್ಳಿನ ಕುರಿತು ಬರೆಯಹೊರಟವನು ತನ್ನದರಿಂದಲೇ ಆರಂಭಿಸುವುದು ನ್ಯಾಯವಲ್ಲವೇ?

ಅಂದು ರಾತ್ರಿ ಸೆಕೆಗೆ ನಿದ್ರೆ ಬಾರದೆ ಪುಸ್ತಕ ತೆರೆದೆ. ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದೆ. ಅದು ಇಂಗ್ಲೆಂಡಿನ ಲೇಖಕ ಇ. ಎಂ. ಫಾರ್ಸ್ಟರ್ ಅವರು 1908ರಲ್ಲಿ ಪ್ರಕಟಿಸಿದ ‘ಎ ರೂಮ್ ವಿತ್ ಎ ವ್ಯೂ’. ಮುಂದೆ 1924ರಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ ಬರೆದವರೂ ಇವರೇ. ವಸಂತದಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆರಂಭವಾಗಿ, ಬೇಸಿಗೆಯಲ್ಲಿ ಇಂಗ್ಲೆಂಡಿನ ಸರ್ರಿ ಸೀಮೆಯ ಹಳ್ಳಿಯೊಂದಕ್ಕೆ ಮರಳಿ, ಪುನಃ ಫ್ಲಾರೆನ್ಸಿನಲ್ಲಿ ಮುಗಿಯುವ ಹಗುರವಾದ ಪ್ರೇಮಕಥೆ. ಆ ಹಳ್ಳಿಯ ಹೆಸರೇ ‘ಸಮ್ಮರ್ ಸ್ಟ್ರೀಟ್’. ಟೆನಿಸ್ ಆಟ, ಪಿಯಾನೊ, ಕೊಳದ ಸ್ನಾನ, ಚಹಾ, ತಮಾಷೆ. ಆದರೆ ಪುಸ್ತಕ ಮುಚ್ಚಿಟ್ಟ ಮೇಲೆ ನನಗೆ ನಿದ್ರೆ ಬರಲಿಲ್ಲ, ಸೆಕೆಯಿಂದಲ್ಲ.

ಇಂತಹ ಪುಸ್ತಕಗಳ ಬಗ್ಗೆ ಗುರುಮಠದಲ್ಲಿ ನಮಗೆ ಕಲಿಸಿದ್ದು ಒಂದೇ ಮಾತು: ದೂರವಿರಿ. ಅದಕ್ಕೆ ದೊಡ್ಡವರ ಸಾಕ್ಷ್ಯವೂ ಇದೆ. ವರ್ಜಿಲ್ ಕವಿಯ ಕಾವ್ಯದಲ್ಲಿ ಪ್ರೇಮಕ್ಕಾಗಿ ಪ್ರಾಣ ಬಿಟ್ಟ ದೀದೋ ರಾಣಿಗಾಗಿ ತಾನು ಬಾಲ್ಯದಲ್ಲಿ ಕಣ್ಣೀರಿಟ್ಟೆ, ತನ್ನ ಸ್ವಂತ ಆತ್ಮದ ದುಸ್ಥಿತಿಗೆ ಮಾತ್ರ ಒಂದು ಹನಿಯನ್ನೂ ಸುರಿಸಲಿಲ್ಲ ಎಂದು ಸಂತ ಅಗುಸ್ತೀನರು ‘ಕನ್ಫೆಷನ್ಸ್’ ಗ್ರಂಥದ ಮೊದಲ ಭಾಗದಲ್ಲಿಯೇ ಹಲುಬುತ್ತಾರೆ. ಅವಿಲಾದ ಸಂತ ತೆರೇಸಾ ತಮ್ಮ ಆತ್ಮಕಥೆಯಲ್ಲಿ ಬರೆದದ್ದು ಇನ್ನೂ ಮನೆಯ ಮಾತಿನಂತಿದೆ. ಅವರ ತಾಯಿಗೆ ಪ್ರೇಮ ಸಾಹಸಗಳ ಕಥೆಗಳೆಂದರೆ ಪ್ರಾಣ, ತಂದೆಗೆ ಆಗದು, ತಾಯಿಯಿಂದ ರುಚಿ ಹತ್ತಿಸಿಕೊಂಡ ಮಗಳು ತಂದೆಯ ಕಣ್ಣು ತಪ್ಪಿಸಿ ಹಗಲು ರಾತ್ರಿ ಓದುತ್ತಿದ್ದಳು. ಅದರಿಂದ ತನಗೆ ಹಾನಿಯಾಯಿತೆಂದೇ ಅವರು ಹೇಳುತ್ತಾರೆ. ನಮ್ಮ ಜಗಲಿಗೆ ಬಂದ ಆ ತಾಯಿ ಇದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದರು, ಕಥೆಯಲ್ಲಿ ತಾಯಿಯ ಪಾಲಿನ ಮಾತು ಬರುವವರೆಗೆ.

ಈ ಎಚ್ಚರಿಕೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಅಗುಸ್ತೀನರ ದೂರನ್ನು ಇನ್ನೊಮ್ಮೆ ಗಮನಿಸಿ. ತನ್ನನ್ನು ತಾನು ಮರೆಯಲು ಕಥೆಯನ್ನು ಬಳಸಿಕೊಂಡೆ ಎಂಬುದು ಅವರ ದೂರು. ಹಾಗಾದರೆ ತನ್ನನ್ನು ತನಗೇ ತೋರಿಸುವ ಕಥೆಯೊಂದು ಇದ್ದರೆ?

ಕಥೆ ಹೀಗಿದೆ. ಲೂಸಿ ಎಂಬ ಯುವತಿ ತನ್ನ ವಯಸ್ಸಾದ ಸೋದರ ಸಂಬಂಧಿ ಷಾರ್ಲೆಟ್ ಜೊತೆ ಫ್ಲಾರೆನ್ಸಿನ ವಸತಿಗೃಹವೊಂದಕ್ಕೆ ಬರುತ್ತಾಳೆ. ಆರ್ನೋ ನದಿ ಕಾಣುವ ಕೋಣೆ ಕೊಡುವುದಾಗಿ ಮಾತಾಗಿತ್ತು. ಕೊಟ್ಟದ್ದು ಒಳಾಂಗಳದ ಕಡೆಯ ಕೋಣೆ. ಊಟದ ಮೇಜಿನಲ್ಲಿ ಈ ಗೊಣಗಾಟ ಕೇಳಿದ ಮುದುಕರೊಬ್ಬರು, ತನ್ನ ಮತ್ತು ಮಗ ಜಾರ್ಜನ ಕೋಣೆಗಳಿಂದ ನದಿ ಕಾಣುತ್ತದೆ, ನೀವು ಅವನ್ನು ತೆಗೆದುಕೊಳ್ಳಿ ಎನ್ನುತ್ತಾರೆ. ಷಾರ್ಲೆಟ್‌ಗೆ ಇದು ಮರ್ಯಾದೆಗೇಡು. ಕೊನೆಗೆ ಅಲ್ಲಿದ್ದ ಪಾದ್ರಿ ಬೀಬಿಯವರು ಮಧ್ಯಸ್ಥಿಕೆ ವಹಿಸಿ ಒಪ್ಪಿಸುತ್ತಾರೆ. ಕೆಲವು ದಿನಗಳ ಬಳಿಕ ನಗರದ ಚೌಕದಲ್ಲಿ ಐದು ಲೀರಾ ಸಾಲದ ಜಗಳದಲ್ಲಿ ಒಬ್ಬನಿಗೆ ಚೂರಿ ಬೀಳುತ್ತದೆ. ಕಣ್ಣಾರೆ ಕಂಡ ಲೂಸಿ ಮೂರ್ಛೆ ಹೋದಾಗ ಹಿಡಿದುಕೊಳ್ಳುವವನು ಜಾರ್ಜ್. ಮುಂದೊಂದು ದಿನ ಎಲ್ಲರೂ ಗಾಡಿಗಳಲ್ಲಿ ಗುಡ್ಡದ ಕಡೆ ಹೋದಾಗ, ಲೂಸಿ ತನ್ನ ಹರುಕುಮುರುಕು ಇಟಾಲಿಯನ್ ಭಾಷೆಯಲ್ಲಿ ಗಾಡಿಯವನನ್ನು, ಆ ಒಳ್ಳೆಯ ಜನ ಎಲ್ಲಿದ್ದಾರೆ ಎಂದು ವಿಚಾರಿಸುತ್ತಾಳೆ. ಅವಳು ಕೇಳಿದ್ದು ಪಾದ್ರಿಗಳನ್ನು. ಗಾಡಿಯವನು ಕರೆದೊಯ್ದದ್ದು ನೀಲಿ ವಯೊಲೆಟ್ ಹೂಗಳ ನಡುವೆ ನಿಂತಿದ್ದ ಜಾರ್ಜನ ಬಳಿಗೆ. ಅವನು ಮುಂದೆ ಬಂದು ಅವಳಿಗೆ ಮುತ್ತಿಡುತ್ತಾನೆ. ಓದುತ್ತಾ ನಾನು ನಕ್ಕೆ. ಪಾದ್ರಿಗಳನ್ನು ಕೇಳಿದವರಿಗೆ ನಾವು ಸಿಗದಿರುವುದು ಹೊಸದೇನಲ್ಲ.

ಷಾರ್ಲೆಟ್ ಅದನ್ನು ನೋಡಿಬಿಡುತ್ತಾಳೆ. ಮರುದಿನವೇ ರೋಮಿಗೆ ಪ್ರಯಾಣ. ಊರಿಗೆ ಮರಳಿದ ಲೂಸಿ, ಎರಡು ಬಾರಿ ನಿರಾಕರಿಸಿದ್ದ ಸೆಸಿಲ್ ಎಂಬ ಸುಶಿಕ್ಷಿತ, ಸಿರಿವಂತ, ನಾಜೂಕು ಯುವಕನಿಗೆ ಮೂರನೆಯ ಬಾರಿ ಒಪ್ಪಿಗೆ ಕೊಡುತ್ತಾಳೆ. ಸೆಸಿಲ್ ಕೆಟ್ಟವನಲ್ಲ. ಅವಳನ್ನು ಒಂದು ಒಳ್ಳೆಯ ಚಿತ್ರದಂತೆ ಮೆಚ್ಚುತ್ತಾನೆ. ಚಿತ್ರಕ್ಕೆ ಸ್ವಂತ ಅಭಿಪ್ರಾಯವಿರುತ್ತದೆಂದು ಅವನಿಗೆ ತೋಚುವುದಿಲ್ಲ. ಆಗ ಜಾರ್ಜ್ ಮತ್ತು ಅವನ ತಂದೆ ಅದೇ ಹಳ್ಳಿಗೆ ಬಾಡಿಗೆಗೆ ಬರುತ್ತಾರೆ. ಅವರನ್ನು ಕರೆತಂದವನು, ಏನೂ ತಿಳಿಯದ ಸೆಸಿಲನೇ!

ಇಲ್ಲಿಂದ ಮುಂದೆ ಕಾದಂಬರಿಕಾರರು ಮಾಡಿರುವುದನ್ನು ನೋಡಿ. ಒಟ್ಟು ಇಪ್ಪತ್ತು ಅಧ್ಯಾಯಗಳಲ್ಲಿ ಹದಿನಾರರಿಂದ ಹತ್ತೊಂಬತ್ತರವರೆಗಿನ ನಾಲ್ಕರ ತಲೆಬರಹಗಳೂ ಲೂಸಿ ಯಾರಿಗೆ ಸುಳ್ಳು ಹೇಳುತ್ತಾಳೆ ಎಂಬುದನ್ನೇ ಸಾರುತ್ತವೆ. ಮೊದಲು ಜಾರ್ಜನಿಗೆ. ಆಮೇಲೆ ಸೆಸಿಲನಿಗೆ. ಬಳಿಕ ಪಾದ್ರಿ ಬೀಬಿ, ತಾಯಿ, ತಮ್ಮ ಮತ್ತು ಮನೆಯ ಆಳುಗಳಿಗೆ. ಕೊನೆಗೆ ಜಾರ್ಜನ ತಂದೆಗೆ. ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು ಒಂದೇ, ಲೂಸಿಯದು. ಉಳಿದ ಸುಳ್ಳುಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಪ್ರಶ್ನೆ ಇಲ್ಲಿದೆ. ಮನುಷ್ಯ ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಸಾಧ್ಯವೇ? ಮನಸ್ಸಿನಲ್ಲಿ ಒಂದನ್ನು ಇಟ್ಟುಕೊಂಡು ಅದಕ್ಕೆ ವಿರುದ್ಧವಾದುದನ್ನು ಬೇಕೆಂದೇ ನುಡಿಯುವುದು ಸುಳ್ಳು ಎಂದು ಸಂತ ತೋಮಾಸ್ ಅಕ್ವಿನಾಸರ ಪಾಠದಲ್ಲಿ ಕಲಿತಿದ್ದೇವೆ. ಆ ಲೆಕ್ಕದಲ್ಲಿ ಸುಳ್ಳುಗಾರನಿಗೆ ಸತ್ಯ ಗೊತ್ತಿರಬೇಕು, ಕೇಳುವವನಿಗೆ ಗೊತ್ತಿರಬಾರದು. ಹೇಳುವವನೂ ಕೇಳುವವನೂ ಒಬ್ಬನೇ ಆದಾಗ? ಗೊತ್ತಿದೆ ಎಂದರೆ ಮೋಸ ಹೋಗುವುದೆಂತು. ಗೊತ್ತಿಲ್ಲ ಎಂದರೆ ಮೋಸ ಮಾಡುವುದೆಂತು? ಫ್ರಾನ್ಸಿನ ನಾಸ್ತಿಕ ಚಿಂತಕ ಸಾರ್ತ್ರ 1943ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಗ್ರಂಥದಲ್ಲಿ ಈ ಒಗಟನ್ನು ಬಿಡಿಸಲು ಒಂದು ಚಿಕ್ಕ ದೃಶ್ಯ ಕೊಡುತ್ತಾರೆ. ಒಬ್ಬಳು ಯುವತಿಯ ಕೈಯನ್ನು ಜೊತೆಯಲ್ಲಿದ್ದವನು ಹಿಡಿಯುತ್ತಾನೆ. ಅವಳು ಕೈ ಎಳೆದುಕೊಳ್ಳುವುದಿಲ್ಲ, ಒಪ್ಪಿದ್ದೇನೆಂದೂ ತೋರಿಸುವುದಿಲ್ಲ. ಕೈ ತನ್ನದೇ ಅಲ್ಲವೆಂಬಂತೆ ಅದನ್ನು ಗಮನಿಸದೆ ಬಿಡುತ್ತಾಳೆ. ಗುರುಮಠದಲ್ಲಿ ಇದನ್ನು ಓದಿದಾಗ ನನಗೆ ಇದು ಪ್ಯಾರಿಸಿನ ಕಾಫಿ ಅಂಗಡಿಯ ಸಮಸ್ಯೆ ಎನಿಸಿತ್ತು. ಹಾಗಲ್ಲ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಅಕ್ವಿನಾಸರಲ್ಲಿಯೇ ಇನ್ನೊಂದು ಮಾತಿದೆ, ಪರೀಕ್ಷೆಗೆ ಉರುಹೊಡೆದು ಮರೆತಿದ್ದೆ. ಅಜ್ಞಾನದಲ್ಲಿ ಹಲವು ಬಗೆ. ಕೆಲವನ್ನು ತಿಳಿಯಲು ನಮಗೆ ದಾರಿಯೇ ಇರುವುದಿಲ್ಲ, ಅದು ಕ್ಷಮ್ಯ. ಆದರೆ ತಿಳಿದರೆ ತೊಂದರೆಯಾದೀತೆಂದು ಬೇಕೆಂದೇ ತಿಳಿಯದೆ ಉಳಿಯುವುದೂ ಉಂಟು. ಹೀಗೆ ಜೋಪಾನ ಮಾಡಿ ಬೆಳೆಸಿದ ಅಜ್ಞಾನ ನಮ್ಮ ಹೊಣೆಯನ್ನು ಇಳಿಸುವುದಿಲ್ಲ. ನನಗೆ ಒಗಟಿನ ಕೀಲಿ ಇದರಲ್ಲಿ ಕಾಣುತ್ತದೆ. ಲೂಸಿ ಸತ್ಯವನ್ನು ಅಳಿಸಿಹಾಕಲಿಲ್ಲ. ಅದು ಇರುವ ಕೋಣೆಗೆ ಹೋಗದಂತೆ ಎಚ್ಚರವಹಿಸಿದಳು. ಯಾವ ಕೋಣೆಗೆ ಹೋಗಬಾರದು ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೆಸಿಲನ ಸಂಬಂಧವನ್ನು ಮುರಿಯುವ ರಾತ್ರಿಯಲ್ಲಿಯೂ, ಜಾರ್ಜ್ ಹೇಳಿದ ಕಾರಣಗಳನ್ನೇ ತನ್ನವೆಂಬಂತೆ ಒಪ್ಪಿಸುತ್ತಾಳೆ. ಬೇರೆ ಯಾರೂ ಇಲ್ಲ ಎಂದೂ ಸೇರಿಸುತ್ತಾಳೆ. ಪಾಪದ ಸೆಸಿಲ್ ಅವಳ ಪ್ರಾಮಾಣಿಕತೆಗೆ ಕೃತಜ್ಞತೆ ಹೇಳುತ್ತಾನೆ!

ಈಗ ಪಾದ್ರಿ ಬೀಬಿಯವರ ಮಾತು. ನನ್ನ ನಿದ್ರೆ ಕೆಡಿಸಿದವರು ಅವರೇ. ಕಥೆಯ ಉದ್ದಕ್ಕೂ ನನಗೆ ಅತ್ಯಂತ ಪ್ರಿಯರಾದವರೂ ಅವರೇ. ಹಾಸ್ಯಪ್ರಿಯರು, ಉದಾರಿಗಳು, ಹುಡುಗರೊಂದಿಗೆ ಕೊಳಕ್ಕಿಳಿದು ಈಜುವವರು. ಪಿಯಾನೊದ ಮುಂದೆ ಕುಳಿತಾಗ ಇಷ್ಟು ಧೈರ್ಯವಂತೆಯಾಗುವ ಈ ಹುಡುಗಿ ಒಂದು ದಿನ ಹಾಗೆಯೇ ಬದುಕತೊಡಗಿದರೆ ನೋಡಲು ಸೊಗಸಾದೀತು ಎಂದು ಎಲ್ಲರಿಗಿಂತ ಮೊದಲು ಊಹಿಸಿದವರು. ಆದರೆ ಲೂಸಿ ಸೆಸಿಲನನ್ನು ಬಿಟ್ಟಾಗ ಅವರು ಹಿಗ್ಗುತ್ತಾರೆ, ಜಾರ್ಜನನ್ನು ಪ್ರೀತಿಸುತ್ತಾಳೆಂದು ತಿಳಿದಾಗ ತಣ್ಣಗಾಗಿಬಿಡುತ್ತಾರೆ. ಮದುವೆಯಾಗುವುದಕ್ಕಿಂತ ಆಗದಿರುವುದೇ ಮೇಲು ಎಂಬ ಒಂದು ಗುಟ್ಟಿನ ನಂಬಿಕೆ ಅವರ ಉದಾರತೆಯ ಅಡಿಯಲ್ಲಿ ಕುಳಿತಿತ್ತು. ಅವರು ಆಂಗ್ಲಿಕನ್ ಸಭೆಯ ಪಾದ್ರಿ. ಅವರಿಗೆ ಬ್ರಹ್ಮಚರ್ಯದ ಕಟ್ಟಳೆ ಇರಲಿಲ್ಲ. ನಮಗಿದೆ. ಅದನ್ನು ನಾವು ಬಹಿರಂಗವಾಗಿ, ಪ್ರತಿಜ್ಞೆಯಾಗಿ ಸ್ವೀಕರಿಸಿದ್ದೇವೆ. ಆದ್ದರಿಂದ ನಾವು ಹೆಚ್ಚು ಸುರಕ್ಷಿತರು ಎಂದುಕೊಳ್ಳುವಂತಿಲ್ಲ. ಬ್ರಹ್ಮಚಾರಿಯೊಬ್ಬ ಯುವಜನರ ಪ್ರೀತಿಯ ವಿಷಯದಲ್ಲಿ ಬುದ್ಧಿ ಹೇಳಲು ಕುಳಿತಾಗ, ಆ ಬುದ್ಧಿಯ ಹಿಂದೆ ಏನು ಕುಳಿತಿದೆ ಎಂದು ಎಷ್ಟು ಸಲ ತಿರುಗಿ ನೋಡುತ್ತಾನೆ? ವಿವೇಕವೇ, ಅಸೂಯೆಯೇ, ಅಥವಾ ತೊಂದರೆಯಿಲ್ಲದೆ ಕೆಲಸ ಮುಗಿಯಲಿ ಎಂಬ ಆಲಸ್ಯವೇ?

ನನ್ನದೊಂದು ಪ್ರಸಂಗವನ್ನು ಹೇಳಿಬಿಡುತ್ತೇನೆ. ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಗುರುತು ಸಿಗುವಂತಹ ವಿವರಗಳನ್ನೂ ಬಿಟ್ಟಿದ್ದೇನೆ. ಇಪ್ಪತ್ತು ವರ್ಷಗಳ ಹಿಂದೆ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ವಿವಾಹಕ್ಕೆ ಮುಂಚಿನ ವಿಚಾರಣೆಗಾಗಿ ಒಬ್ಬ ಹುಡುಗಿ ಬಂದಿದ್ದಳು. ವಿವಾಹವನ್ನು ಉಂಟುಮಾಡುವುದು ಇಬ್ಬರ ಸಮ್ಮತಿ, ಆ ಸಮ್ಮತಿಯನ್ನು ಅವರ ಪರವಾಗಿ ಲೋಕದ ಯಾವ ಅಧಿಕಾರವೂ ಕೊಡಲಾರದು ಎನ್ನುತ್ತದೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 1057ನೇ ವಿಧಿ. ಹಾಗಾಗಿ ತಂದೆತಾಯಿಯರನ್ನು ಹೊರಗೆ ಕೂರಿಸಿ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳುತ್ತೇವೆ. “ಯಾರ ಬಲವಂತವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಈ ಮದುವೆಗೆ ಬರುತ್ತಿದ್ದೀಯಾ?” ಎಂದು ನಾನು ಓದಿ ಮುಗಿಸುವ ಮುನ್ನವೇ ಅವಳು “ಹೌದು ಸ್ವಾಮಿ” ಎಂದಳು. ಸೆರಗಿನ ತುದಿಯನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು. ನಾನು ಅದನ್ನು ಕಂಡೆ. ಕಂಡು, ಹೌದು ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದೆ. ಲಗ್ನಪತ್ರಿಕೆ ಅಚ್ಚಾಗಿತ್ತು. ಹಾಲ್ ಗೊತ್ತಾಗಿತ್ತು. ಕೇಳುವುದು ನನ್ನ ಕೆಲಸ, ಹೇಳುವುದು ಅವಳ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ.

ಮಗುವಿನ ಪ್ರಥಮ ಪರಮಪ್ರಸಾದದ ಸಮಯಕ್ಕೆ ಅವಳು ನನ್ನನ್ನು ಹುಡುಕಿಕೊಂಡು ಬಂದಳು. ಗಂಡ ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ಮನೆಗೆ ಕೊರತೆಯಿಲ್ಲ. “ನೀವು ಅಂದು ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ ಸ್ವಾಮಿ. ನನಗೇ ಗೊತ್ತಿರಲಿಲ್ಲ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲ, ಗೊತ್ತಿತ್ತು. ಗೊತ್ತಾಗದ ಹಾಗೆ ನೋಡಿಕೊಂಡಿದ್ದೆ” ಎಂದಳು. ಆಮೇಲೆ ಅವಳು ಹೇಳಿದ ಮಾತು ನನ್ನನ್ನು ಹೆಚ್ಚು ಚುಚ್ಚಿತು: “ಅವರು ಒಳ್ಳೆಯವರು. ಅವರನ್ನು ಮನಸಾರೆ ಬಯಸುವ ಹುಡುಗಿ ಎಲ್ಲೋ ಇದ್ದಿರಬಹುದಲ್ಲ. ಅವಳ ಜಾಗದಲ್ಲಿ ನಾನು ಕುಳಿತೆ.” ಅವರ ಸಂಸಾರ ಮುರಿಯಲಿಲ್ಲ, ಇಂದಿಗೂ ನಡೆದಿದೆ. ಕಾನೂನು ಸಂಹಿತೆ ಬಲವಂತವನ್ನೂ ಘೋರ ಭಯವನ್ನೂ ಗುರುತಿಸುತ್ತದೆ. ಯಾರೂ ಬಲವಂತ ಮಾಡದಿದ್ದಾಗ, ಎಲ್ಲರ ಮುಖದ ಸಂತೋಷವನ್ನು ನೋಡಿ ಒಬ್ಬಳು ತನ್ನ ಮನಸ್ಸಿನ ಬಾಗಿಲನ್ನು ತಾನೇ ಮುಚ್ಚಿದರೆ ಅದನ್ನು ಬರೆಯಲು ನನ್ನ ಫಾರಂನಲ್ಲಿ ಸಾಲಿರಲಿಲ್ಲ. ಲೂಸಿಯನ್ನು ನಾನು ವಿಚಾರಣೆ ಮಾಡಿದ್ದರೂ “ಹೌದು” ಎಂದೇ ಬರೆಯುತ್ತಿದ್ದೆ.

ಹಾಗೆಂದು, ಮನಸ್ಸಿಗೆ ಬಂದದ್ದೆಲ್ಲ ಸತ್ಯ ಎಂದು ನಿಮ್ಮ ಮಕ್ಕಳಿಗೆ ಹೇಳಲು ನಾನು ಸಿದ್ಧನಿಲ್ಲ. ಜಾರ್ಜ್ ಮಾಡಿದ್ದನ್ನೇ ನೋಡಿ. ಕೇಳದೆ, ಹೇಳದೆ ಒಂದು ಹೆಣ್ಣಿಗೆ ಎರಡು ಬಾರಿ ಮುತ್ತಿಡುತ್ತಾನೆ. ಕಥೆಗಾರರು ಅದನ್ನು ಹೂವಿನಲ್ಲಿ ಮುಚ್ಚಿದ್ದಾರೆ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅದನ್ನು ಪ್ರೀತಿಯ ಗುರುತೆಂದು ತೋರಿಸಲಾರೆ. ಬಿಸಿಯನ್ನು ಬೆಳಕೆಂದು ತಿಳಿದು ಮೂರು ತಿಂಗಳಲ್ಲಿ ಮನೆ ಬಿಟ್ಟು, ಒಂದು ವರ್ಷದಲ್ಲಿ ಮರಳಿ ಬಂದವರನ್ನೂ ನಾನು ಕಂಡಿದ್ದೇನೆ. ಅದೂ ತನಗೆ ತಾನೇ ಹೇಳಿಕೊಂಡ ಸುಳ್ಳೇ, ಬಾಗಿಲು ಮಾತ್ರ ಬೇರೆ.

ಇಲ್ಲಿ ನನಗೆ ಲೊಯೋಲದ ಸಂತ ಇಗ್ನೇಷಿಯಸರು ನೆನಪಾಗುತ್ತಾರೆ. 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿಯ ಗುಂಡು ತಗಲಿ ಹಾಸಿಗೆ ಹಿಡಿದಾಗ ಅವರು ಓದಲು ಕೇಳಿದ್ದು ಪ್ರೇಮ ಸಾಹಸದ ಕಥೆಗಳನ್ನು. ಮನೆಯಲ್ಲಿ ಒಂದೂ ಇರಲಿಲ್ಲ. ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆಗಳು ಸಿಕ್ಕವು. ಇದನ್ನು ಪ್ರಸಂಗಗಳಲ್ಲಿ ನಾವು ಗೆಲುವಿನಿಂದ ಹೇಳುತ್ತೇವೆ. ಆದರೆ ಮುಂದಿನದು ಹೆಚ್ಚು ಸೂಕ್ಷ್ಮ. ಒಬ್ಬ ರಾಜಮನೆತನದ ಮಹಿಳೆಯ ಸೇವೆ ಮಾಡುವ ಹಗಲುಗನಸನ್ನೂ, ಸಂತರಂತೆ ಬದುಕುವ ಕನಸನ್ನೂ ಅವರು ಸರದಿಯಂತೆ ಕಾಣುತ್ತಿದ್ದರು. ಎರಡೂ ಕಾಣುವಾಗ ಸಿಹಿ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೆಯೂ ಸಂತೋಷ ಉಳಿಯುತ್ತಿತ್ತು. ಕನಸಿನ ವಿಷಯಕ್ಕಿಂತ ಅದರ ನಂತರ ಉಳಿಯುವುದನ್ನು ಗಮನಿಸಲು ಅವರು ಕಲಿತರು. ಈ ಅಳತೆಗೋಲಿನಲ್ಲಿ ಲೂಸಿಯನ್ನು ಅಳೆದು ನೋಡಿ. ಸೆಸಿಲನ ಜೊತೆ ಕಳೆದ ಹೊತ್ತಿನ ಬಳಿಕ ಅವಳು ಸಿಡುಕುತ್ತಾಳೆ, ತಾಯಿ ಮತ್ತು ತಮ್ಮನ ನಡೆನುಡಿಗಾಗಿ ಅಳುಕುತ್ತಾಳೆ, ಚಿಕ್ಕವಳಾಗುತ್ತಾಳೆ. ಅವಳು ತಪ್ಪಿಸಿಕೊಂಡು ಓಡುತ್ತಿದ್ದ ಇನ್ನೊಂದು ದಿಕ್ಕಿನಲ್ಲಿ ಮಾತ್ರ ಅವಳು ದೊಡ್ಡವಳಾಗುತ್ತಾಳೆ.

ಗಂಟು ಬಿಚ್ಚುವ ಸ್ಥಳ ಯಾವುದು ಬಲ್ಲಿರಾ? ಬೀಬಿ ಪಾದ್ರಿಗಳ ಓದುಕೋಣೆ. ಸುತ್ತ ಗೋಡೆಯ ತುಂಬ ದೈವಶಾಸ್ತ್ರದ ಪುಸ್ತಕಗಳು, ಪಾದ್ರಿ ಅಲ್ಲಿಲ್ಲ. ಕುಳಿತಿರುವವರು ಜಾರ್ಜನ ತಂದೆ, ಮಗನಿಗೆ ದೀಕ್ಷಾಸ್ನಾನವನ್ನೂ ಕೊಡಿಸದ ಮುದುಕರು. ಲೂಸಿ ಅವರಿಗೂ ಸುಳ್ಳು ಹೇಳುತ್ತಾಳೆ, ಅವರು ಕೇಳಿಸಿಕೊಳ್ಳುತ್ತಾರೆ. ನೀನು ಗೋಜಲಿನಲ್ಲಿ ಸಿಕ್ಕಿದ್ದೀಯೆ, ನೀನು ಜಾರ್ಜನನ್ನು ಪ್ರೀತಿಸುತ್ತೀಯೆ ಎಂಬರ್ಥದ ಮಾತನ್ನು ಸರಳವಾಗಿ ಹೇಳುತ್ತಾರೆ. ಅವಳು ಮೊದಲು ಸಿಟ್ಟಾಗುತ್ತಾಳೆ, ಆಮೇಲೆ ಅಳುತ್ತಾಳೆ. ನನ್ನ ಕಪಾಟಿನಲ್ಲಿಯೂ ಅಂತಹ ಪುಸ್ತಕಗಳಿವೆ. ಅವುಗಳ ಮುಂದೆ ಕುಳಿತು ಆ ಹುಡುಗಿಯ ಸೆರಗಿನ ತುದಿಯನ್ನು ನಾನು ನೋಡಿಯೂ ನೋಡದಾಗಿದ್ದೆ.

ಕಾದಂಬರಿ ಮದುವೆಯಲ್ಲಿ ಮುಗಿಯುತ್ತದೆ. ಆದರೆ ಐವತ್ತು ವರ್ಷಗಳ ನಂತರ, 1958ರಲ್ಲಿ, ವೃದ್ಧ ಫಾರ್ಸ್ಟರ್ ತಮ್ಮ ಪಾತ್ರಗಳು ಮುಂದೆ ಏನಾದರೆಂದು ಒಂದು ಸಣ್ಣ ಬರಹದಲ್ಲಿ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಆಯುಧ ಹಿಡಿಯಲೊಲ್ಲೆ ಎಂದ ಜಾರ್ಜ್, ಎರಡನೆಯದರಲ್ಲಿ ಸೈನ್ಯ ಸೇರುತ್ತಾನೆ. ದೂರದಲ್ಲಿದ್ದಾಗ ಹೆಂಡತಿಗೆ ನಿಷ್ಠನಾಗಿ ಉಳಿಯುವುದಿಲ್ಲ. ಸೆರೆಸಿಕ್ಕಿ ಇಟಲಿಗೆ ಬಂದವನು ಮುಂದೆ ಫ್ಲಾರೆನ್ಸಿನಲ್ಲಿ ಆ ಹಳೆಯ ಕೋಣೆಯನ್ನು ಹುಡುಕುತ್ತಾನೆ. ನೋಟವಿದೆ, ಕೋಣೆ ಮಾತ್ರ ಯಾವುದೆಂದು ತಿಳಿಯುವುದಿಲ್ಲ. ಅತ್ತ ಲೂಸಿಯ ಮನೆ ಬಾಂಬಿಗೆ ಸಿಕ್ಕಿ ನಾಶವಾಗುತ್ತದೆ. ಪ್ರಾಮಾಣಿಕವಾಗಿ ಆರಂಭವಾದ ಪ್ರೀತಿಗೂ ಇಷ್ಟೆಲ್ಲ ಬರುತ್ತದೆ. ಆದರೂ ಅವರಿಬ್ಬರೂ ಒಬ್ಬರಿಗೊಬ್ಬರು ಉಳಿದಿದ್ದಾರೆ ಎಂಬಂತೆಯೇ ಲೇಖಕರು ಬಿಡುತ್ತಾರೆ. ಈ ಪುಟ್ಟ ಬರಹವನ್ನು ಮದುವೆಯ ಸಿದ್ಧತಾ ಶಿಬಿರದಲ್ಲಿ ಓದಿಸಬೇಕೆಂಬ ಆಸೆ ನನಗಿದೆ. ಶಿಬಿರದ ಸಹೋದ್ಯೋಗಿಗಳು ಇನ್ನೂ ಒಪ್ಪಿಲ್ಲ.

ಮುಂದಿನ ಭಾನುವಾರ ಪುಸ್ತಕವನ್ನು ಹಿಂದಿರುಗಿಸಿದೆ. ತಾಯಿ ನನ್ನ ಮುಖ ನೋಡಿದರು. “ಮನೆಗೆಲಸ ಮಾಡಿ ಓದಲಿ” ಎಂದೆ. ಮಗಳು ಹೊರಡುವಾಗ, “ಫಾದರ್, ಬೀಬಿ ಪಾದ್ರಿ ಕೊನೆಯಲ್ಲಿ ಯಾಕೆ ಹಾಗೆ ಮುಖ ತಿರುಗಿಸಿದರು? ಅಷ್ಟು ಒಳ್ಳೆಯವರಾಗಿದ್ದರಲ್ಲ” ಎಂದು ಕೇಳಿದಳು. ಯೋಚಿಸಿ ಹೇಳುತ್ತೇನೆ ಎಂದೆ. ಈ ಬಾರಿ ಹಾಗೆಯೇ ಮಾಡಿದ್ದೇನೆ.

ಈಗ ವಿಚಾರಣೆಯ ಆ ಪ್ರಶ್ನೆಯನ್ನು ಕೇಳಿದ ಮೇಲೆ ಪೆನ್ನು ಕೆಳಗಿಟ್ಟು ಕಾಯುತ್ತೇನೆ. ಬಹುಪಾಲು ಜನ ನಕ್ಕು, “ಹೌದು ಫಾದರ್, ಬರೆದುಕೊಳ್ಳಿ” ಎನ್ನುತ್ತಾರೆ. ಇತ್ತೀಚೆಗೆ ಬಂದ ಹುಡುಗನೊಬ್ಬ ಮಾತ್ರ ಬಹಳ ಹೊತ್ತು ನೆಲ ನೋಡುತ್ತಾ ಕುಳಿತಿದ್ದ. ಕೊನೆಗೆ, “ಒಂದು ವಾರ ಸಮಯ ಕೊಡುತ್ತೀರಾ ಸ್ವಾಮಿ?” ಎಂದ. ಕೊಡುತ್ತೇನೆ ಎಂದೆ. ಹೊರಗೆ ಅವನ ತಂದೆಯೂ ಸೋದರಮಾವನೂ ಕಾರಿನಲ್ಲಿ ಕಾಯುತ್ತಿದ್ದರು. “ಅವರಿಗೆ ಏನು ಹೇಳುವುದು ಸ್ವಾಮಿ? ಯಾವುದೋ ಪ್ರಮಾಣಪತ್ರ ಕಡಿಮೆಯಿದೆ ಎಂದು ಹೇಳೋಣವೇ?” ಎಂದು ಕೇಳಿದ. ಬೇಡ ಎಂದೆ. ಇಬ್ಬರೂ ಎದ್ದು ಬಾಗಿಲ ಕಡೆಗೆ ನಡೆದೆವು.